ಪಿಸ್ತೂಲಿನ ಹಣೆಯ ಬೊಟ್ಟು

ನನಗೊಂದು ಚಟವಿದೆ. ಏನನ್ನಾದರೂ ಗಮನವಿಟ್ಟು ನೋಡಬೇಕಾದರೆ ನನ್ನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಸೂಜಿಗೆ ದಾರ ಪೋಣಿಸುವಾಗ ಎಲ್ಲರೂ ಹಾಗೆ ಮಾಡುತ್ತಾರೆ, ಬಿಡಿ. ನಾನು ಬಸ್ಸಿನ ನಂಬರು ಓದುವಾಗ, ಗೋಡೆಯ ಕ್ಯಾಲೆಂಡರು ಸೊಟ್ಟಗಿದೆಯೇ ಎಂದು ನೋಡುವಾಗ, ತಕ್ಕಡಿಯ ಮುಳ್ಳು ನಿಂತಿತೇ ಎಂದು ಪರೀಕ್ಷಿಸುವಾಗಲೂ ಮುಚ್ಚುತ್ತೇನೆ. ಹೈದರಾಬಾದಿನ ಮೆಹದಿಪಟ್ಟಣಂ ಮಾರ್ಕೆಟ್ಟಿನಲ್ಲಿ ಒಮ್ಮೆ ಟೊಮೆಟೊ ತೂಗುತ್ತಿದ್ದ ಮುದುಕನೊಬ್ಬ ಕೈ ನಿಲ್ಲಿಸಿ, ಈ ವಯಸ್ಸಿನಲ್ಲಿ ನನಗೆ ಕಣ್ಣು ಹೊಡೆಯುತ್ತೀಯಾ ಅಮ್ಮಾ ಎಂದು ಹಿಂದಿಯಲ್ಲಿ ಕೇಳಿಯೇಬಿಟ್ಟ. ಪಕ್ಕದಲ್ಲೇ ಅವನ ಹೆಂಡತಿ ಕೊತ್ತಂಬರಿ ಕಟ್ಟು ಕಟ್ಟುತ್ತಿದ್ದಳು. ನಾನು ನಾಚಿ ನೀರಾದೆ. ಅವಳು ಮಾತ್ರ ನನ್ನನ್ನು ಮೇಲಿಂದ ಕೆಳಗೆ ನೋಡಿ, ಯೂನಿಫಾರಂ ನೋಡಿ, ಸೊಂಟದ ಪಟ್ಟಿ ನೋಡಿ, ತಕ್ಕಡಿಗೆ ಇನ್ನೊಂದು ಟೊಮೆಟೊ ಹಾಕಿದಳು.

ಈ ಚಟ ನನಗೆ ಎರಡು ಕಡೆಯಿಂದ ಬಂದದ್ದು. ಒಂದು ನಮ್ಮಪ್ಪನ ದಾರ, ಇನ್ನೊಂದು ನನ್ನ ಕೆಲಸದ ಪಿಸ್ತೂಲು.

ನಮ್ಮಪ್ಪ ಗೌಂಡಿ. ಯಾದಗಿರಿ ಕಡೆಯಿಂದ ಹೈದರಾಬಾದಿಗೆ ಬಂದು, ಬೇರೆಯವರ ಗೋಡೆ ಕಟ್ಟುತ್ತ ತಾನು ತಗಡಿನ ಶೆಡ್ಡಿನಲ್ಲಿ ಇದ್ದವನು. ಎರಡು ಮೊಳೆಗಳ ನಡುವೆ ದಾರ ಎಳೆದು ಕಟ್ಟಿ, ಕೂತು, ಎಡಗಣ್ಣು ಮುಚ್ಚಿ, ಇಟ್ಟಿಗೆಯ ಸಾಲನ್ನು ನೋಡುತ್ತಿದ್ದ. ದಾರಕ್ಕೂ ಇಟ್ಟಿಗೆಗೂ ನಡುವೆ ಉದ್ದಕ್ಕೂ ಒಂದೇ ಅಳತೆಯ ಬೆಳಕು ಕಾಣಬೇಕು. ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಕಂಡರೆ ಇಟ್ಟಿಗೆ ಕಿತ್ತು ಮತ್ತೆ ಇಡುತ್ತಿದ್ದ. ನಾನೂ ಪಕ್ಕದಲ್ಲಿ ಕೂತು ಹಾಗೇ ಕಣ್ಣು ಮುಚ್ಚಿ ನೋಡುತ್ತಿದ್ದೆ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಕಾಲೇಜಿನ ಮೆಟ್ಟಿಲು ಹತ್ತಿದವರು ಯಾರೂ ಇಲ್ಲ. ಕಾಲೇಜಿನ ಮೆಟ್ಟಿಲು ಕಟ್ಟಿದವರು ಇದ್ದಾರೆ. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಕೇಳದಿದ್ದವರಿಗೂ ಹೇಳುತ್ತೇನೆ. ನಮ್ಮ ಮನೆಯ ಬಾಗಿಲ ಬೋರ್ಡಿನಲ್ಲಿ 'ಶರಣಮ್ಮ, ಬಿ.ಎಸ್ಸಿ.' ಎಂದಿದೆ. ಬಾಡಿಗೆ ಮನೆಗೆ ಯಾರಾದರೂ ಬೋರ್ಡು ಹಾಕಿಸುತ್ತಾರೆಯೇ ಎಂದು ಓನರು ನಕ್ಕಿದ್ದರು. ನಗಲಿ.

ಓದಿದ್ದೆಲ್ಲ ಸಿಕ್ಕ ಸಿಕ್ಕ ಬೆಳಕಿನಲ್ಲಿ. ಬುಡ್ಡಿ ದೀಪದಲ್ಲಿ ಓದಿದರೆ ಅಕ್ಷರ ಕುಣಿಯುತ್ತಿತ್ತು, ಮೂಗಿನಲ್ಲಿ ಮಸಿ ಕೂರುತ್ತಿತ್ತು. ಕಟ್ಟಡದ ಮೇಲಿನ ಫೋಕಸ್ ಲೈಟಿನಲ್ಲಿ ಓದಿದರೆ ಪುಟ ಬೆಳ್ಳಗೆ ಉರಿದು ಅಕ್ಷರವೇ ಕಾಣುತ್ತಿರಲಿಲ್ಲ, ಜೊತೆಗೆ ಹುಳು. ಕಿರಾಣಿ ಅಂಗಡಿಯ ಟ್ಯೂಬ್‌ಲೈಟು ಉತ್ತಮ, ಆದರೆ ಅಂಗಡಿಯವನು ಏನಾದರೂ ಕೊಂಡರೆ ಮಾತ್ರ ಅಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ. ಹೀಗಾಗಿ ಬೆಳಕಿನ ವಿಷಯದಲ್ಲಿ ನನಗೆ ಸ್ವಲ್ಪ ಅನುಭವ ಇದೆ ಎಂದುಕೊಂಡಿದ್ದೆ. ಸಂಜೆ ಹೊತ್ತು ಶೆಡ್ಡಿನ ಬಾಗಿಲಲ್ಲಿ ಕೂತು ಅವ್ವನ ದಾರಿ ಕಾಯುವುದಂತೂ ದಿನದ ಕೆಲಸ. ಸೈಟಿನಿಂದ ಹೆಂಗಸರ ಗುಂಪು ಬರುತ್ತಿತ್ತು. ಅವ್ವನದು ಕೆಂಪು ಸೀರೆ. ಬೆಳಿಗ್ಗೆ ಆ ಕೆಂಪು ಎಷ್ಟು ದೂರ ಹೋದರೂ ಕಾಣುತ್ತಿತ್ತು. ಸಂಜೆ ಮಬ್ಬಿಗೆ ಅದು ಕಪ್ಪಾಗಿ ಉಳಿದ ಸೀರೆಗಳಲ್ಲಿ ಕಲಸಿಹೋಗುತ್ತಿತ್ತು. ಆಗ ನನಗೆ ಅಂಜಿಕೆ. ಇವತ್ತು ಅವ್ವ ಬರಲೇ ಇಲ್ಲವೇನೋ ಎಂದು. ಆಮೇಲೆ ತಲೆಯ ಮೇಲಿನ ಹಳದಿ ಪ್ಲಾಸ್ಟಿಕ್ ಬುಟ್ಟಿ ಕಾಣುತ್ತಿತ್ತು. ಬುಟ್ಟಿ ಕಂಡಿತು ಎಂದರೆ ಅದರ ಕೆಳಗೆ ಅವ್ವ ಇದ್ದಾಳೆ.

ಆ ಅಂಜಿಕೆ ಈಗಲೂ ಹೋಗಿಲ್ಲ. ಅಂಜುಬುರುಕಿಯ ಕೈಗೆ ಪಿಸ್ತೂಲು ಕೊಟ್ಟವರು ಯಾರು ಎಂದು ನೀವು ಕೇಳಬಹುದು. ಸಿಕಂದರಾಬಾದಿನ ಕಡೆಯ ಒಂದು ಸರಕಾರಿ ಕಾರ್ಖಾನೆ ಕೊಟ್ಟಿತು. ಅಲ್ಲಿಯ ಭದ್ರತಾ ವಿಭಾಗದಲ್ಲಿ ನಾನು ಒಂದು ಪಾಳಿಯ ಮೇಲ್ವಿಚಾರಕಿ. ವರ್ಷಕ್ಕೊಮ್ಮೆ ಗುಂಡು ಹಾರಿಸುವ ಪರೀಕ್ಷೆ ಇರುತ್ತದೆ. ಪಾಸಾದರೆ ಪಿಸ್ತೂಲು ಸೊಂಟದಲ್ಲಿ ಉಳಿಯುತ್ತದೆ. ಇಲ್ಲದಿದ್ದರೆ ಅದನ್ನು ಬಿಚ್ಚಿಟ್ಟು, ಬಂದವರಿಗೆ ಪಾಸು ಬರೆದುಕೊಡುವ ಕೌಂಟರಿಗೆ ಹೋಗಬೇಕು. ಕೌಂಟರಿನ ಕೆಲಸ ಕೀಳು ಎಂದು ನಾನು ಹೇಳುವುದಿಲ್ಲ. ಆದರೆ ಊರಿನಿಂದ ಯಾರೇ ಫೋನು ಮಾಡಲಿ, ಅವ್ವ ಮೊದಲು ಹೇಳುವ ಮಾತು, "ನಮ್ಮ ಶರಣಿ ಸೊಂಟಕ್ಕ ಪಿಸ್ತೂಲ್ ಕಟ್ಕೊಂಡು ಹೊಂಟಾಳ" ಎಂಬುದು. ಬಿ.ಎಸ್ಸಿ. ಎಂದರೆ ಏನೆಂದು ಅವಳಿಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಪಿಸ್ತೂಲು ಗೊತ್ತು.

ಇಷ್ಟು ವರ್ಷ ಪರೀಕ್ಷೆಯಲ್ಲಿ ಹೇಗೋ ಪಾಸಾಗುತ್ತ ಬಂದಿದ್ದೆ. ಈ ಸಲ ಕಣ್ಣಿಗೆ ಚಾಳೀಸು ಬಂತು, ಹತ್ತಿರದ್ದು ಮಬ್ಬಾಗತೊಡಗಿತು.

ಪಿಸ್ತೂಲಿನ ಗುರಿ ಹಿಡಿಯುವುದು ನೋಡಲು ಸುಲಭ. ಹಿಂದೆ ಒಂದು ಸಣ್ಣ ಕಚ್ಚು ಇರುತ್ತದೆ, ಮುಂದೆ ನಳಿಗೆಯ ತುದಿಯಲ್ಲಿ ಒಂದು ಪುಟ್ಟ ಗೂಟ. ಆ ಗೂಟಕ್ಕೆ ನಮ್ಮಲ್ಲಿ ಫೋರ್‌ಸೈಟ್ ಎನ್ನುತ್ತಾರೆ. ಕಚ್ಚಿನ ನಡುವೆ ಗೂಟ ನಿಲ್ಲಬೇಕು, ಎರಡೂ ಕಡೆ ಒಂದೇ ಅಳತೆಯ ಬೆಳಕು ಕಾಣಬೇಕು. ಅಪ್ಪನ ದಾರದ ಲೆಕ್ಕವೇ. ಆದರೆ ಆ ಗೂಟ ನಿಲ್ಲುವುದು ತೋಳಿನ ದೂರದಲ್ಲಿ, ಚಾಳೀಸು ಬಂದವರಿಗೆ ಮಬ್ಬಾಗುವ ಜಾಗದಲ್ಲಿ. ತಾರ್ನಾಕದ ಕಣ್ಣಿನ ಡಾಕ್ಟರು ಮೇಲೊಂದು ಕೆಳಗೊಂದು ಗಾಜಿನ ಕನ್ನಡಕ ಕೊಟ್ಟರು. ಗೂಟ ಸ್ಪಷ್ಟವಾಗಬೇಕಾದರೆ ಕೆಳಗಿನ ಗಾಜಿನಿಂದ ನೋಡಬೇಕು, ಕೆಳಗಿನ ಗಾಜಿನಿಂದ ನೋಡಬೇಕಾದರೆ ಗದ್ದ ಎತ್ತಬೇಕು. ನೀರು ಕುಡಿದ ಕೋಳಿಯ ಹಾಗೆ ಕತ್ತೆತ್ತಿ ನಿಂತ ನನ್ನನ್ನು ಮೊದಲ ದಿನ ನೋಡಿದ ಪಾಟೀಲರು, "ಶರಣಮ್ಮಾರ, ಗುರಿ ಆ ಕಡೆ ಐತ್ರಿ. ಆಕಾಶದಾಗ ಯಾರನ್ನ ಹುಡುಕಾಕತ್ತೀರಿ?" ಎಂದರು.

ಪಾಟೀಲರು ನಮಗೆ ಗುಂಡು ಹಾರಿಸುವುದನ್ನು ಕಲಿಸುವವರು. ವಿಜಯಪುರದ ಕಡೆಯವರು, ಫೌಜಿನಿಂದ ನಿವೃತ್ತರಾಗಿ ನಮ್ಮಲ್ಲಿಗೆ ಬಂದವರು. ಸಿಪಾಯಿಗಳಿಗೆ ಹಿಂದಿಯಲ್ಲಿ ಬೈಯುತ್ತಾರೆ, ನನಗೆ ಕನ್ನಡದಲ್ಲಿ ಬೈಯುತ್ತಾರೆ. ಅದನ್ನು ನಾನು ಗೌರವವೆಂದೇ ತಿಳಿದಿದ್ದೇನೆ.

ದಸರೆಗೆ ಸ್ವಲ್ಪ ಮುಂಚೆ, ಹೊಸ ಬಗೆಯ ಗುರಿಗೂಟಗಳಿರುವ ಪಿಸ್ತೂಲುಗಳು, ಹೇಗಿವೆ ಎಂದು ಹಿಡಿದು ನೋಡಲು, ನಮ್ಮಲ್ಲಿಗೆ ಬಂದವು. ಒಂದರಲ್ಲಿ ಬಿಳಿ ಚುಕ್ಕೆಗಳು, ಹಿಂದೆ ಎರಡು, ಮುಂದೆ ಒಂದು. ಇನ್ನೊಂದರ ಗೂಟದಲ್ಲಿ ಹಸಿರು ಗಾಜಿನ ಕಡ್ಡಿಯಂಥದ್ದು. ನಮ್ಮ ಹಳೆಯದು ಇದ್ದೇ ಇತ್ತು, ಕಾಗೆಯಂತೆ ಪೂರ್ತಿ ಕಪ್ಪು.

"ನೀವು ಡಿಗ್ರಿ ಓದಿದವರದೀರಿ. ಬೆಳಕಿನ ಶಾಸ್ತ್ರ ನಿಮಗ ಗೊತ್ತು. ಮೂರೂ ಹಿಡಿದು ನೋಡಿ, ಯಾವುದು ಛಲೋ ಹೇಳ್ರಿ" ಎಂದರು ಪಾಟೀಲರು.

ಡಿಗ್ರಿ ಎಂದರೆ ನಾನು ಸೋತೆ. ಖಾಲಿ ಪಿಸ್ತೂಲುಗಳನ್ನು ಒಂದೊಂದಾಗಿ ಹಿಡಿದು, ಕೋಳಿಯ ಹಾಗೆ ಕತ್ತೆತ್ತಿ ಶುರು ಮಾಡಿದೆ. ಬೆಳಗಿನ ಎಳೆ ಬಿಸಿಲಿನಲ್ಲಿ ಕಪ್ಪು ಗೂಟ ಅಚ್ಚುಕಟ್ಟಾಗಿ ಕಂಡಿತು. ಆದರೆ ಬಿಸಿಲು ಒಂದೇ ಕಡೆಯಿಂದ ಬೀಳುತ್ತಿತ್ತಲ್ಲ, ಬಿಳಿ ಚುಕ್ಕೆಯ ಅರ್ಧ ಭಾಗ ಮಾತ್ರ ಹೊಳೆದು, ಹೊಳೆದ ಅರ್ಧವನ್ನೇ ಕಣ್ಣು ಪೂರ್ತಿ ಎಂದುಕೊಂಡು ಪಿಸ್ತೂಲನ್ನು ಪಕ್ಕಕ್ಕೆ ಎಳೆಯುತ್ತಿತ್ತು. ನಡು ಮಧ್ಯಾಹ್ನ ಹಸಿರು ಕಡ್ಡಿ ಹಗಲಿನ ಮಿಂಚುಹುಳುವಿನಂತೆ ಉರಿಯಿತು. ಅದನ್ನು ನೋಡಿ ನಾನು ಮರುಳಾದೆ. ಸ್ವಲ್ಪ ಹೊತ್ತು ನೋಡಿದ ಮೇಲೆ ನನ್ನ ಚಾಳೀಸಿನ ಕಣ್ಣಿಗೆ ಆ ಚುಕ್ಕೆ ಅರಳಿ ಸೇವಂತಿಗೆಯಾಯಿತು, ಅದರ ಹಿಂದೆ ಗುರಿಯೇ ಮರೆಯಾಯಿತು. ಅದೇ ಮಧ್ಯಾಹ್ನ ಕಪ್ಪು ಗೂಟದ ನೆತ್ತಿ ಎಣ್ಣೆ ಹಚ್ಚಿದ ತಲೆಯಂತೆ ಮಿರುಗಿ ಅದರ ತುದಿ ಎಲ್ಲಿದೆ ಎಂದು ತಿಳಿಯದಾಯಿತು. "ಫೌಜಿನಾಗ ನಾವು ದೀಪದ ಮಸಿ ಹಚ್ತಿದ್ದಿವ್ರಿ" ಎಂದರು ಪಾಟೀಲರು.

ಕೊನೆಗೆ ಗುಂಡು ಹಾರಿಸುವ ಒಳಾಂಗಣಕ್ಕೆ ಹೋದೆವು. ಪರೀಕ್ಷೆಯ ಎರಡನೆಯ ಭಾಗ ಅಲ್ಲಿ ನಡೆಯುವುದು, ದೀಪ ತಗ್ಗಿಸಿ, ಕತ್ತಲಾಗುವ ಹೊತ್ತಿನ ಮಬ್ಬು ಮಾಡಿ. ಅಲ್ಲಿ ಹಸಿರು ಕಡ್ಡಿ ಸತ್ತೇಹೋಯಿತು. ಅದರದು ಸ್ವಂತ ಬೆಳಕಲ್ಲ, ಸುತ್ತಲಿನ ಬೆಳಕನ್ನು ಹೀರಿ ತುದಿಯಲ್ಲಿ ತೋರಿಸುವುದಷ್ಟೇ ಅದರ ವಿದ್ಯೆ. ಬಿಳಿ ಚುಕ್ಕೆಗಳು ಮೊಸರಿನ ಹನಿಗಳಂತೆ ಮಸುಕಾಗಿ ಕಂಡವು, ಅವುಗಳಲ್ಲಿ ಮುಂದಿನದು ಯಾವುದು ಹಿಂದಿನದು ಯಾವುದು ಎಂದು ಗಾಬರಿಯಾಯಿತು. ಕಪ್ಪು ಗೂಟ ಕಪ್ಪು ಗುರಿಯ ಮೇಲೆ ಇತ್ತೋ ಇಲ್ಲವೋ ದೇವರಿಗೇ ಗೊತ್ತು.

"ಅಂದ್ರ ಯಾವುದು ಛಲೋ?" ಎಂದರು ಪಾಟೀಲರು.

"ಬೆಳಕು ಬದಲಾದ್ರ ಉತ್ತರಾನೂ ಬದಲಾಗ್ತೈತ್ರಿ ಸರ. ಒಂದ ಆರಿಸು ಅಂದ್ರ ಬಿಳಿ ಚುಕ್ಕಿ."

"ಡಿಗ್ರಿ ಓದಿದವರದು ಇದ ನೋಡ್ರಿ ತ್ರಾಸು" ಎಂದರು ಅವರು. "ಅದಿರ್ಲಿ, ಈ ಹೊಸಾವು ನಾಳೆ ವಾಪಸ್ ಹೋಗ್ತಾವ. ನಿಮ್ಮ ಪರೀಕ್ಷಾ ನಿಮ್ಮ ಹಳೇ ಪಿಸ್ತೂಲ್ ಮ್ಯಾಲನ."

ಅವತ್ತಿನಿಂದ ನನ್ನ ನಿದ್ದೆ ಹೋಯಿತು. ಕಪ್ಪು ಗೂಟ, ಕಪ್ಪು ಗುರಿ, ಮಬ್ಬು ದೀಪ, ಅದರ ಮೇಲೆ ಚಾಳೀಸು. ಅನ್ನ ಕಲಸುವಾಗಲೂ ಎಡಗಣ್ಣು ಮುಚ್ಚಿ ತಟ್ಟೆ ನೋಡುತ್ತಿದ್ದೆ. "ಅನ್ನದಾಗ ಹಳ್ಳು ಇಲ್ಲ, ನಾನ ಆರಿಸೀನಿ, ಸುಮ್ಮನ ಉಣ್ಣು" ಎನ್ನುತ್ತಿದ್ದಳು ಅವ್ವ.

ಹೀಗಿರುವಾಗ ಆಯುಧಪೂಜೆ ಬಂತು. ನಮ್ಮಲ್ಲಿ ಅವತ್ತು ಆಯುಧದ ಕೋಣೆಯ ಮುಂದೆ ಮೇಜು ಹಾಕಿ, ಬಿಳಿ ಬಟ್ಟೆ ಹಾಸಿ, ಬಂದೂಕು ಪಿಸ್ತೂಲುಗಳನ್ನು ಸಾಲಾಗಿ ಮಲಗಿಸಿ ಚೆಂಡುಹೂವಿನ ಹಾರ ಹಾಕುತ್ತಾರೆ. ಮನೆಯವರೂ ಬರಬಹುದು. ಅವರವರ ಆಯುಧಕ್ಕೆ ಅವರವರ ಮನೆಯ ಹೆಂಗಸರು ಅರಿಶಿಣ ಕುಂಕುಮ ಹಚ್ಚುವುದು ವಾಡಿಕೆ. ಪ್ರತಿ ವರ್ಷ ನನ್ನ ಪಿಸ್ತೂಲಿಗೆ ಪಾಟೀಲರ ಹೆಂಡತಿ ಗಂಗಕ್ಕ ಹಚ್ಚುತ್ತಿದ್ದರು. ನಾನು ಯೂನಿಫಾರಮಿನಲ್ಲಿ ಸೆಟೆದು ನಿಂತಿರಬೇಕು. ಅವ್ವ ದೂರದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಅಪ್ಪ ಹೋದ ಮೇಲೆ ಅವಳು ಶುಭದ ತಟ್ಟೆ ಮುಟ್ಟಿದವಳಲ್ಲ. ನಾನು ಡಿಗ್ರಿಯ ಮೊದಲ ವರ್ಷದಲ್ಲಿದ್ದಾಗ ಅಪ್ಪ ತೀರಿಕೊಂಡ. ಶೆಡ್ಡಿನ ಹೆಂಗಸರು ಅವ್ವನ ಹಣೆ ಒರೆಸಿದ್ದು ಒಂದು ಹಸಿ ಬಟ್ಟೆಯಿಂದ. ಅದಾದ ಮೇಲೂ ಹಳದಿ ಬುಟ್ಟಿ ಹೊತ್ತು ನನ್ನ ಫೀಜು ಕಟ್ಟಿದವಳು ಅವಳೇ. ಬುಟ್ಟಿ ಹೊರಲು ಯಾವ ಶಾಸ್ತ್ರವೂ ಅಡ್ಡ ಬರಲಿಲ್ಲ.

ಈ ವರ್ಷ ನನಗೆ ಏನು ತೋಚಿತೋ, ತಟ್ಟೆ ತಂದು ಅವಳ ಕೈಯಲ್ಲಿಟ್ಟೆ.

"ಯವ್ವಾ, ಈ ಸಲ ನೀನ ಹಚ್ಚಬೇಕು."

"ಹುಚ್ಚಿ ಏನ ನೀನು? ನಾಲ್ಕ ಮಂದಿ ನೋಡಾಕತ್ತಾರ. ನನ್ನ ಕೈ ಬ್ಯಾಡ."

"ಈ ಕೈ ಇಲ್ಲಂದ್ರ ಈ ಪಿಸ್ತೂಲೂ ಇರ್ತಿದ್ದಿಲ್ಲ."

"ಪರೀಕ್ಷಾ ಹತ್ರ ಬಂದೈತಿ ಅಂತಿ. ಏನರ ಹೆಚ್ಚುಕಮ್ಮಿ ಆದ್ರ?"

"ಏನೂ ಆಗೂದಿಲ್ಲ. ಹಚ್ಚು."

ಅಷ್ಟರಲ್ಲಿ ದೊಡ್ಡ ಸಾಹೇಬರ ಕಾರು ಗೇಟಿಗೆ ಬಂತೆಂದು ಕರೆ ಬಂದು ನಾನು ಓಡಬೇಕಾಯಿತು. ವಾಪಸು ಬಂದಾಗ ನನ್ನ ಪಿಸ್ತೂಲಿನ ಗೂಟದ ಮೇಲೆ ಕೆಂಪು ಬೊಟ್ಟು ಹೊಳೆಯುತ್ತಿತ್ತು. ಬೇರೆಯವರು ನಳಿಗೆಗೋ ಹಿಡಿಗೋ ಹಚ್ಚಿದ್ದರು. ಇದು ಮಾತ್ರ ತುದಿಯ ಗೂಟಕ್ಕೆ, ಹಣೆಗೆ ಇಟ್ಟ ಹಾಗೆ. ಅವ್ವ ಕುರ್ಚಿಯಲ್ಲಿ ಸೆರಗು ಹೊದ್ದು ಕೂತಿದ್ದಳು. ನನಗೆ ಎದೆ ಉಬ್ಬಿತು. ಸುಮ್ಮನಿರಬೇಕಾದ ನಾನು ಗೇಟಿನವರಿಗೆಲ್ಲ ಹೇಳಿಕೊಂಡು ಬಂದೆ, ನಮ್ಮವ್ವ ಹಚ್ಚಿದ್ದು ಎಂದು.

ಮನೆಗೆ ಬರುವಷ್ಟರಲ್ಲಿ ಉಬ್ಬಿದ್ದೆಲ್ಲ ಇಳಿಯಿತು. ಈಗ ನಾನು ಫೇಲಾದರೆ ಏನಾಗುತ್ತದೆ? ಕೌಂಟರಿಗೆ ಹೋಗುತ್ತೇನೆ, ಹೋಗಲಿ. ಆದರೆ ಅವ್ವ ಇದನ್ನು ಚಾಳೀಸಿನ ಮೇಲೆ ಹಾಕುವವಳಲ್ಲ. ತನ್ನ ಕೈಯ ಮೇಲೆ ಹಾಕಿಕೊಳ್ಳುತ್ತಾಳೆ. ಆಮೇಲೆ ಆ ಕೈ ಜನ್ಮದಲ್ಲಿ ಇನ್ನೊಂದು ತಟ್ಟೆ ಮುಟ್ಟುವುದಿಲ್ಲ. ನಾನೇ ಬಲವಂತ ಮಾಡಿ ಅವಳನ್ನು ಪಣಕ್ಕೆ ಇಟ್ಟಂತಾಯಿತಲ್ಲ ಎಂದು ಬೆವರು ಬಿಟ್ಟಿತು.

ಪರೀಕ್ಷೆಯ ದಿನ ಪಾಟೀಲರು ಪಿಸ್ತೂಲು ಕೊಡುವಾಗ ಬೊಟ್ಟು ನೋಡಿ ಹುಬ್ಬೇರಿಸಿದರು. ಪೂಜೆಯಾದ ಮೇಲೆ ಆಯುಧಗಳನ್ನೆಲ್ಲ ಒರೆಸಿ ಎಣ್ಣೆ ಹಾಕುವುದು ಅವರ ಕೆಲಸ. "ಎಲ್ಲಾ ಒರೆಸೀನಿ. ಇದೊಂದು ಒರೆಸಾಕ ಕೈ ಬರಲಿಲ್ಲ. ನಿಮ್ಮ ತಾಯಾರು ಮೊದಲನೇ ಸಲ ಮೇಜಿನ ತನಕ ಬಂದು ನಿಂತಿದ್ರಲ್ರಿ" ಎಂದರು.

ಮೊದಲ ಭಾಗ ಬಯಲಿನಲ್ಲಿ, ಬಿಸಿಲಿನಲ್ಲಿ. ಏನು ಹೇಳಲಿ ನಿಮಗೆ, ಮಿರುಗುತ್ತಿದ್ದ ಗೂಟದ ನೆತ್ತಿಯನ್ನು ಕುಂಕುಮ ಮುಚ್ಚಿತ್ತು. ಕಪ್ಪು ಕಚ್ಚಿನ ನಡುವೆ ಕೆಂಪು ಬೊಟ್ಟು ಎಷ್ಟು ಸ್ಪಷ್ಟವಾಗಿ ನಿಂತಿತೆಂದರೆ, ಹಸಿರು ಕಡ್ಡಿಯಂತೆ ಅರಳಲೂ ಇಲ್ಲ, ಬಿಳಿ ಚುಕ್ಕೆಯಂತೆ ಮೋಸ ಮಾಡಲೂ ಇಲ್ಲ. ಗುಂಡುಗಳು ಹೋಗಬೇಕಾದಲ್ಲಿ ಹೋದವು. "ಶಾಬಾಸ್" ಎಂದರು ಪಾಟೀಲರು. ಯವ್ವಾ, ನಿನ್ನ ಕುಂಕುಮ ಕೆಲಸ ಮಾಡಾಕತ್ತೈತಿ ಎಂದುಕೊಂಡೆ.

ಒಳಾಂಗಣದಲ್ಲಿ ದೀಪ ತಗ್ಗಿಸಿದರು. ಪಿಸ್ತೂಲು ಎತ್ತಿದೆ. ಬೊಟ್ಟು ಇಲ್ಲ.

ಇತ್ತು, ಆದರೆ ಕಪ್ಪಾಗಿತ್ತು. ಬೆಳಕು ಕಡಿಮೆಯಾದ ಹಾಗೆ ಕಣ್ಣಿಗೆ ಬಣ್ಣಗಳಲ್ಲಿ ಮೊದಲು ಸಾಯುವುದು ಕೆಂಪು. ಇದನ್ನು ನಾನು ಓದಿದ್ದೆ, ಬರೆದಿದ್ದೆ, ಪಾಸಾಗಿದ್ದೆ. ಅದಕ್ಕೂ ಮುಂಚೆ ಶೆಡ್ಡಿನ ಬಾಗಿಲಲ್ಲಿ ಕೂತು ದಿನಾ ನೋಡಿದ್ದೆ. ಆದರೆ ಆ ಗಳಿಗೆಯಲ್ಲಿ ನನಗೆ ಹೊಳೆದದ್ದು ಶಾಸ್ತ್ರವಲ್ಲ, ಆ ಹಳೆಯ ಅಂಜಿಕೆ. ಅವ್ವ ಕಾಣುತ್ತಿಲ್ಲ. ಗುಂಡುಗಳು ಗುರಿಯ ಸುತ್ತ ಎಲ್ಲೆಲ್ಲೋ ಬಿದ್ದವು. ಫೇಲು.

ಫೇಲಾದವರಿಗೆ ಅದೇ ಮಧ್ಯಾಹ್ನ ಇನ್ನೊಂದು ಅವಕಾಶ ಇರುತ್ತದೆ, ಅದೇ ಕೊನೆ. ಖಾಲಿ ಮಾಡಿದ ಪಿಸ್ತೂಲನ್ನು ಮೇಜಿನ ಮೇಲಿಟ್ಟುಕೊಂಡು ಬೆಂಚಿನಲ್ಲಿ ಕೂತೆ. ಕುಂಕುಮ ಇರುವವರೆಗೆ ಗೂಟದ ಅಂಚು ಕೂಡ ಮೆತ್ತಗೆ ಕಾಣುತ್ತದೆ. ಒರೆಸಿದರೆ ಅಂಚಾದರೂ ಚೂಪಾಗಬಹುದು. ಒರೆಸಬೇಕು. ಆದರೆ ಕುಂಕುಮ ಒರೆಸುವುದು ಎಂದರೆ ನನಗೆ ಒಂದೇ ಚಿತ್ರ, ಆ ಹಸಿ ಬಟ್ಟೆ.

"ಸರ, ಇದನ್ನ ಒರೆಸಲೇನ್ರಿ?"

ಪಾಟೀಲರು ಮೀಸೆ ತಿರುವಿದರು. "ಪೂಜಾದ್ದು ಐತಿ. ನಾ ಒರೆಸ್ರಿ ಅನ್ನಂಗಿಲ್ಲ. ಆಯುಧದ ಕೋಣಿ ರೂಲು ಕೇಳಿದ್ರ, ಬ್ಯಾಡಾನೂ ಅನ್ನಂಗಿಲ್ಲ." "ನಾ ಆ ಕಡೆ ನೋಡಾಕತ್ತೀನ್ರಿ" ಎಂದು ಗೋಡೆಯ ಕಡೆ ತಿರುಗಿ ನಿಂತರು.

ಕರವಸ್ತ್ರದ ತುದಿ ಒದ್ದೆ ಮಾಡಿ ಒರೆಸಿದೆ. ಒರೆಸುವಾಗ ಕಣ್ಣು ಮುಚ್ಚಿದ್ದೆ, ಎರಡನ್ನೂ. ಕರವಸ್ತ್ರ ಕೆಂಪಾಯಿತು. ಗೂಟದ ಬೆನ್ನಿನಲ್ಲಿ ಹೊಳಪು ತಡೆಯಲು ಸಣ್ಣ ಸಣ್ಣ ಗೀರುಗಳಿರುತ್ತವೆ, ಅವುಗಳಲ್ಲಿ ಏನಾದರೂ ಉಳಿಯಿತೇ ಎಂದು ನೋಡಲು ನನಗೆ ಧೈರ್ಯವಾಗಲಿಲ್ಲ.

ಮತ್ತೆ ಕರೆದರು. ಮತ್ತೆ ದೀಪ ತಗ್ಗಿತು. ಗದ್ದ ಎತ್ತಿ, ಎಡಗಣ್ಣು ಮುಚ್ಚಿ, ಪಿಸ್ತೂಲು ಎತ್ತಿದೆ.

ಕಚ್ಚಿನ ನಡುವೆ ಹಳದಿ ಕಂಡಿತು. ದೊಡ್ಡದಾಗಿ ಅಲ್ಲ, ಮಸುಕಾಗಿ, ಆದರೆ ಇದ್ದಲ್ಲೇ ಇತ್ತು. ಕುಂಕುಮದ ಕೆಳಗೆ ಅರಿಶಿಣ ಹಚ್ಚಿದ್ದು ಗೀರುಗಳಲ್ಲಿ ಕೂತು, ಒಣಗಿ, ಒರೆಸಿದರೂ ಹೋಗದೆ ಉಳಿದಿತ್ತು. ಬುಟ್ಟಿ ಬರುತ್ತಿದೆ. ಎರಡೂ ಕಡೆ ಸಮನಾದ ಬೆಳಕು ನೋಡಿಕೊಂಡು, ಅವಸರ ಮಾಡದೆ ಪಿಸ್ತೂಲಿನ ಕುದುರೆ ಎಳೆದೆ.

ಪಾಸು. ಹೆಚ್ಚೇನೂ ಅಲ್ಲ, ಪಾಸಾಗಲು ಬೇಕಾದಷ್ಟು. ಪಾಟೀಲರು ಗುರಿಹಾಳೆಯನ್ನು ಬೆಳಕಿಗೆ ಹಿಡಿದು, "ಹೊಸಾ ಸೈಟ್ ಯಾವುದು ತರಿಸೂಣು ಅಂತ ಮತ್ತ ನಿಮ್ಮನ್ನ ಕೇಳಂಗಿಲ್ರಿ. ಅಡಿಗಿ ಮನಿಗಿ ಹೋಗಿ ಅರಿಶಿಣ ತರ್ರಿ ಅಂತ ಹೇಳಿಬಿಡ್ತೀರಿ" ಎಂದರು.

ತಾರ್ನಾಕದ ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ಮೊರ ಹಿಡಿದು ಕೂತಿದ್ದಳು. ಮೊರದಲ್ಲಿದ್ದ ಅಕ್ಕಿ ಎರಡು ಸಲ ಆರಿಸಿದಷ್ಟು ಸ್ವಚ್ಛವಾಗಿತ್ತು. ನನ್ನ ಮುಖ ನೋಡಲಿಲ್ಲ, ಸೊಂಟ ನೋಡಿದಳು. ಪಿಸ್ತೂಲನ್ನು ನಾವು ಮನೆಗೆ ತರುವುದಿಲ್ಲ ಎಂಬುದು ಅವಳಿಗೆ ಗೊತ್ತಿಲ್ಲವೇ? ಆದರೂ ನೋಡಿದಳು.

"ಪಾಸಾದೆ ಯವ್ವಾ."

ಅವ್ವ ಮೊರ ಕೆಳಗಿಟ್ಟಳು. ಉಸಿರು ಬಿಟ್ಟಳು. ನಾನು ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಕರವಸ್ತ್ರ ಜೇಬಿನಲ್ಲಿ ಕೆಂಪಗೆ ಕೂತಿತ್ತು. ಒಗೆಯಲು ಹಾಕಿದರೆ ಅವಳೇ ನೋಡುತ್ತಾಳೆ.

"ಒಂದ ಮಾತು. ನೀ ಹಚ್ಚಿದ ಕುಂಕುಮ ನಾ ಒರೆಸಿದೆ. ಮಬ್ಬಿನಾಗ ಕಾಣಲಿಲ್ಲ. ಕೆಳಗಿನ ಅರಿಶಿಣ ಉಳೀತು, ಅದರ ಮ್ಯಾಲ ಪಾಸಾದೆ. ಸಿಟ್ಟಾಗಬ್ಯಾಡ."

ಅವ್ವ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅಳುತ್ತಾಳೆಂದುಕೊಂಡೆ. ನಗುತ್ತಿದ್ದಳು.

"ಕುಂಕುಮ ಎಲ್ಲಿ ನಂದು? ಅದು ಗಂಗಕ್ಕಾರು ಹಚ್ಚಿದ್ದು. ನೀ ಆ ಕಡೆ ಓಡಿದಿ, ನನಗ ಕುಂಕುಮಕ್ಕ ಕೈ ಹೋಗಲಿಲ್ಲ. ನೀ ಹಟ ಮಾಡಿ ಕೊಟ್ಟೀಯಲ್ಲಾ, ತಟ್ಟಿ ಹಂಗ ವಾಪಸ್ ಕೊಡಾಕೂ ಮನಸಾಗಲಿಲ್ಲ. ಅದಕ್ಕ ಅರಿಶಿಣ ಅಷ್ಟ ಹಚ್ಚಿದೆ. ಅರಿಶಿಣ ಗಾಯಕ್ಕೂ ಹಚ್ತೀವಿ, ಸಾರಿಗೂ ಹಾಕ್ತೀವಿ, ಅದಕ್ಕೇನು ಶಾಸ್ತ್ರ? ಅದರ ಮ್ಯಾಲ ಅವರು ಕುಂಕುಮ ಇಟ್ರು."

ನಾನು ಅಲ್ಲೇ ಹೊಸ್ತಿಲಲ್ಲಿ, ಬೂಟು ಬಿಚ್ಚದೆ ಕೂತುಬಿಟ್ಟೆ. ಅವ್ವ ಮತ್ತೆ ಮೊರ ಎತ್ತಿಕೊಂಡಳು. ಇಲ್ಲದ ಕಲ್ಲನ್ನು ಹುಡುಕುತ್ತ, ತಲೆ ಎತ್ತದೆ ಕೇಳಿದಳು.

"ಹಂಗಾದ್ರ ಬರೂ ವರ್ಷ... ಕುಂಕುಮಾನೂ ನಾನ ಹಚ್ಚಲೇನು?"

ಕುಂಕುಮದಿಂದ ನನಗೆ ಇವತ್ತು ಆದದ್ದನ್ನು ನೆನೆದು ಒಂದು ಕ್ಷಣ ಹಿಂಜರಿದೆ, ಸುಳ್ಳೇಕೆ ಹೇಳಲಿ. ಕೆಂಪು ಮೊದಲು ಸಾಯುವುದು, ಕಪ್ಪು ಗೂಟ, ಮಬ್ಬು ದೀಪ, ಇನ್ನೂ ಒಂದು ವರ್ಷ ಹಳೆಯದಾಗುವ ಚಾಳೀಸು, ಎಲ್ಲವೂ ಕಣ್ಣ ಮುಂದೆ ಬಂದವು.

"ಹಚ್ಚು ಯವ್ವಾ" ಎಂದೆ. "ಬಿಸಿಲಿಗೆ ಅದ ಛಲೋ. ಆದ್ರ ಮೊದಲ ಅರಿಶಿಣ ಮರೀಬ್ಯಾಡ."